ಕೂಗುವವಳ ಬೆನ್ನು

ವಿಲೋ ಹೊಳೆ ಕ್ಯಾಂಪ್
ಸೆಪ್ಟೆಂಬರ್ 3, 1987

ಅಮ್ಮಾ,

ಬಂದು ಮುಟ್ಟಿ ಮೂರು ದಿನವಾಯಿತು. ಇಡೀ ದಿನ ಹೇಸರಗತ್ತೆಯ ಮೇಲೆ ಕೂತು, ಸೊಂಟ ನನ್ನದೋ ಕತ್ತೆಯದೋ ಇನ್ನೂ ಗೊತ್ತಾಗುತ್ತಿಲ್ಲ. ಕತ್ತೆಗಳ ಮೇಲೆ ಸಾಮಾನು ಸಾಗಿಸುವ ಮೆರಿಟ್ ದಾರಿಯುದ್ದಕ್ಕೂ ಅವುಗಳ ಜೊತೆಗೇ ಮಾತಾಡಿಕೊಂಡು ಬಂದ. ನನ್ನ ಕಡೆ ತಿರುಗಿದ್ದು ಒಂದೇ ಸಲ: "ಆರ್ಲೋ ಜಾಗಕ್ಕೆ ನೀನಾ? ಹೂಂ. ನೋಡಾಣ."

ಗಸ್ ಇನ್ನೂ ದಪ್ಪಗಾಗಿದ್ದಾನೆ. ಬೇಟೆ ಕ್ಯಾಂಪಿನ ಯಜಮಾನನಾದವನು ತಾನೇ ಬಾಗಿಲಿಗೆ ಬಂದು ನನ್ನ ಚೀಲ ಇಳಿಸಿಕೊಂಡ. ಆಮೇಲೆ ಮಾತು ಮಾತ್ರ ನೇರವಾಗಿ ಆಡಿದ. "ಈ ಬೆದೆಗಾಲ ಮುಗಿಯೋವರೆಗೂ ನೋಡ್ತೀನಿ ಕೊರಿನ್. ನೀನೋ, ನಮ್ಮ ಡ್ವೈಟೋ, ಯಾರು ಕೂಗಿದ್ರೆ ಎಲ್ಕ್ ಜಿಂಕೆ ಬರುತ್ತೋ ಅವರಿಗೆ ಕೆಲಸ. ಆರ್ಲೋ ಮಗಳು ಅಂತ ಎಲ್ಕ್ ಏನೂ ಮುಲಾಜು ನೋಡಲ್ಲ." ಡ್ವೈಟ್ ಅವನ ತಂಗಿಯ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಊಟಕ್ಕೆ ಕೂತಾಗ ಎಲ್ಲರ ಮುಂದೆ, "ಕೊರಿನ್ ಕೂಗಿದ್ರೆ ಗಂಡು ಎಲ್ಕ್ ಓಡಿ ಬರುತ್ತೆ, ಗಂಡಸರು ಓಡಿ ಹೋಗ್ತಾರೆ" ಎಂದ. "ನೀನು ಕೂಗಿದ್ರೆ ಎರಡೂ ಓಡಿಹೋಗುತ್ತೆ ಬಿಡಪ್ಪ" ಎಂದೆ. ಗಸ್ ನಕ್ಕು ಕಾಫಿ ಮೈಮೇಲೆ ಚೆಲ್ಲಿಕೊಂಡ. ಅಲ್ಲಿಗೆ ಆ ಜಗಳ ಮುಗಿಯಿತು.

ಎಲ್ಕ್ ಕರೆಯುವ ಅಪ್ಪನ ಕೊಳವೆಯನ್ನೇ ಊದುತ್ತಿದ್ದೇನೆ. ನೀನು ಅಡುಗೆ ಡೇರೆಯಲ್ಲೇ ಇದ್ದವಳು, ನಿನಗೆ ಗೊತ್ತಿರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ಬಿಲ್ಲು ಹಿಡಿದವನು ಮುಂದೆ ಕೂರುತ್ತಾನೆ. ನಾನು ಅವನಿಗಿಂತ ಬಹಳ ಹಿಂದೆ, ಮರಗಳೊಳಗೆ ಕೂತು ಹೆಣ್ಣು ಎಲ್ಕಿನ ದನಿ ಮಾಡುತ್ತೇನೆ. ಗಂಡು ನನ್ನನ್ನು ಹುಡುಕಿಕೊಂಡು ಬರುತ್ತದೆ. ದನಿ ದೂರದಿಂದ ಬರುತ್ತಿರುವುದರಿಂದ ಅದರ ಕಣ್ಣೆಲ್ಲ ನನ್ನ ಕಡೆಗೆ. ಹತ್ತಿರದಲ್ಲೇ ಮಂಡಿಯೂರಿದವನನ್ನು ನೋಡುವುದೇ ಇಲ್ಲ. ನಿನ್ನೆ ಒಂದು ಎಳೆಯ ಗಂಡು ಗಸ್‌ನ ಪಕ್ಕದಲ್ಲೇ ಹಾದು ಬಂತು. ಹೊಡೆಯಲಿಲ್ಲ, ಬರೀ ಪರೀಕ್ಷೆ. ಗಸ್ ಹೇಳಿದಂತೆ ತಾಯಿ ತಪ್ಪಿದ ಮರಿಯ ಕೂಗನ್ನೂ ಕೂಗಿದೆ. ಹೆಣ್ಣುಗಳು ಹುಡುಕಿಕೊಂಡು ಬಂದರೆ ಗಂಡೂ ಹಿಂದೆಯೇ ಬರುತ್ತದಂತೆ.

ಒಂದೇ ಒಂದು ಕಿರಿಕಿರಿ. ಬೇಟೆಯಲ್ಲಿ ಎಲ್ಲರ ಕಣ್ಣೂ ಮುಂದಕ್ಕೆ. ನನ್ನ ಹಿಂದೆ ಯಾರೂ ಇಲ್ಲ. ಸ್ವಲ್ಪ ಹೊತ್ತು ಕೂತರೆ ಬೆನ್ನು ತಣ್ಣಗಾಗುತ್ತದೆ, ಯಾರೋ ಬಾಗಿಲು ತೆರೆದಿಟ್ಟ ಹಾಗೆ. ಅಪ್ಪನಿಗೂ ಹಾಗೆ ಆಗುತ್ತಿತ್ತಾ? ನಿನ್ನ ಹತ್ತಿರ ಯಾವತ್ತಾದರೂ ಹೇಳಿದ್ದನಾ?

ನಿನ್ನ ಮಗಳು,
ಕೊರಿನ್


ಮಿಟೀಟ್ಸಿ
ಸೆಪ್ಟೆಂಬರ್ 6

ಕೊರಿನ್,

ನಿನ್ನ ಕಾಗದವನ್ನು ಮೆರಿಟ್ ನಾನು ಅಡುಗೆ ಮಾಡುವ ಹೋಟೆಲಿನ ಹಿಂಬಾಗಿಲಿಗೇ ತಂದುಕೊಟ್ಟ. ಕೂಲಿಯೆಂದು ಅರ್ಧ ಆಪಲ್ ಪೈ ತಿಂದು ಹೋದ.

ಮೊದಲ ಮಾತು. ಮರಿಯ ಕೂಗು ಇನ್ನು ಕೂಗಬೇಡ. ಗಸ್ ಕೇಳಿದರೆ ನಮ್ಮಮ್ಮ ಬೇಡ ಎಂದಿದ್ದಾಳೆ ಎನ್ನು. ನಗುವುದಿದ್ದರೆ ನಗಲಿ. ತಾಯಿ ತಪ್ಪಿದ ಮರಿಯ ದನಿಗೆ ತಾಯಿಯೊಬ್ಬಳೇ ಬರುವುದಿಲ್ಲ.

ಎರಡನೆಯದು, ನೀನು ಎಲ್ಲಿ ಕೂರುತ್ತೀಯ? ಪೊದೆಯ ಹಿಂದೆಯಾದರೆ ಅಲ್ಲಿಂದ ಏಳು. ಪೊದೆಯ ಹಿಂದೆ ಕೂತವರಿಗೆ ತಾವು ಅಡಗಿದ್ದೇವೆ ಎನ್ನಿಸುತ್ತದೆ, ಅಷ್ಟೇ. ಇಣುಕಿದ ಕೂಡಲೇ ಪೊದೆಗೆ ತಲೆ ಹುಟ್ಟಿದಂತೆ ಕಾಣುತ್ತದೆ. ನಿನ್ನ ಭುಜಕ್ಕಿಂತ ಅಗಲವಾದ ಮರದ ಬುಡ ನೋಡಿ ಅದರ ಮುಂದೆ, ನೆರಳಲ್ಲಿ ಕೂರು. ಕೂಗುವಾಗ ಮುಖ ಪಕ್ಕಕ್ಕೆ ತಿರುಗಲಿ, ಹೊರಟುಹೋಗುತ್ತಿರುವ ಹೆಣ್ಣಿನ ಹಾಗೆ. ಎದುರಿಗೇ ನಿಂತು ಕರೆದರೆ ಗಂಡಿಗೆ ಅನುಮಾನ. ಬಿಟ್ಟು ಹೋಗುತ್ತಾಳೆ ಎಂದರೆ ಆಗ ಕಾಲು ಬರುತ್ತದೆ. (ಮನುಷ್ಯರೂ ಅಷ್ಟೇ, ಅದು ಬೇರೆ ಮಾತು.) ಅದು ನಿಂತೇಬಿಟ್ಟರೆ ಒಣ ಕಡ್ಡಿಗಳನ್ನು ಅಂಗೈಯಲ್ಲಿ ಮುರಿ, ಹೆಜ್ಜೆಯ ಸದ್ದಾಗಲಿ. ಒಮ್ಮೆ ಅದು ನಿನ್ನ ಕಡೆ ನೋಡತೊಡಗಿದ ಮೇಲೆ ಮಾತ್ರ ಕುತ್ತಿಗೆ ಆಡಿಸಬೇಡ. ಎಲ್ಕ್ ಕಿವಿಯಿಂದ ಬರುತ್ತದೆ, ಕಣ್ಣಿನಿಂದ ನಂಬುತ್ತದೆ, ಮೂಗಿನಿಂದ ಓಡುತ್ತದೆ.

ಇದೆಲ್ಲ ಅಡುಗೆಯವಳಿಗೆ ಹೇಗೆ ಗೊತ್ತು ಎಂದು ಕೇಳಬೇಡ. ಬೀನ್ಸ್ ಬೇಯುವಾಗ ಕಿವಿಗೆ ಬೇರೆ ಕೆಲಸವಿರುವುದಿಲ್ಲ.

ಇನ್ನು ನಾನು ಕೇಳುವುದಕ್ಕೆ ಸರಿಯಾಗಿ ಉತ್ತರ ಬರೆ. ನಿನ್ನ ಹಿಂದೆ ಏನಿದೆ, ಬಯಲೋ ದಟ್ಟ ಮರವೋ? ಗಾಳಿ ನಿನ್ನನ್ನು ದಾಟಿ ಎಲ್ಲಿಗೆ ಹೋಗುತ್ತದೆ? ಒಂದೇ ಜಾಗದಲ್ಲಿ ಎರಡು ದಿನ ಕೂತಿದ್ದೀಯಾ? ಗಸ್‌ಗೆ ಹೇಳಿ ನಿನ್ನ ಹಿಂದೆ ಯಾರನ್ನಾದರೂ ಕೂರಿಸಿಕೋ. ಆ ಡ್ವೈಟ್ ಆದರೂ ಆದೀತು. ಮರ ಬೆನ್ನಿಗೆ ಆಸರೆ ಕೊಡುತ್ತದೆ, ಏನು ಬಂತು ಎಂದು ಹೇಳುವುದಿಲ್ಲ.

ಅಪ್ಪನ ಬೆನ್ನು ತಣ್ಣಗಾಗುತ್ತಿತ್ತಾ ಎಂದು ಕೇಳಿದ್ದೀಯ. ಇಲ್ಲ. ಅವನ ಬೆನ್ನು ಯಾವಾಗಲೂ ಬೆಚ್ಚಗೇ ಇತ್ತು.

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ.

ಅಮ್ಮ


ವಿಲೋ ಹೊಳೆ ಕ್ಯಾಂಪ್
ಸೆಪ್ಟೆಂಬರ್ 11

ಅಮ್ಮಾ,

ನಿನ್ನ ಕಾಗದ ಬುಧವಾರ ಬಂತು. ಅಷ್ಟರಲ್ಲಿ ನಾನು ಅದೇ ಜಾಗದಲ್ಲಿ ನಾಲ್ಕು ಬೆಳಗ್ಗೆ ಕೂತಾಗಿತ್ತು, ಮರಿಯ ಕೂಗನ್ನೂ ಕೂಗಿಯಾಗಿತ್ತು.

ದುಡ್ಡು ಕೊಟ್ಟು ಬೇಟೆಯಾಡಲು ಟಲ್ಸಾದಿಂದ ಪೆಟಿಬೋನ್ ಎನ್ನುವ ಗಿರಾಕಿ ಬಂದಿದ್ದಾನೆ. ಹಾರ್ಡ್‌ವೇರ್ ಅಂಗಡಿಯವನು, ಎರಡು ವಾರ ಇರುತ್ತಾನೆ. ಕೆಟ್ಟವನಲ್ಲ, ಬಾಯಿ ಮಾತ್ರ ದೊಡ್ಡದು. ಇವತ್ತು ಬೆಳಗ್ಗೆ ಅವನನ್ನು ಮುಂದೆ ಕೂರಿಸಿ, ನೀನು ಹೇಳಿದಂತೆ ನಾನು ಬುಡದ ಮುಂದೆ ಕೂತೆ. ಹಳ್ಳದ ಆಚೆಯಿಂದ ದೊಡ್ಡ ಗಂಡು ಕಹಳೆ ಊದಿದಂತೆ ಕೂಗಿತು. ಮುಖ ಪಕ್ಕಕ್ಕೆ ತಿರುಗಿಸಿ ಮೆಲ್ಲಗೆ ಕರೆದೆ. ಬಂತು ಅಮ್ಮಾ! ಕೊಂಬಿನ ತುಂಬ ಹುಲ್ಲು ಸಿಕ್ಕಿಸಿಕೊಂಡು ಮದುವೆ ಗಂಡಿನ ಹಾಗೆ ಬಂತು. ಇನ್ನು ಸ್ವಲ್ಪ ಮುಂದೆ ಬಂದಿದ್ದರೆ ಪೆಟಿಬೋನ್ ಬಾಣ ಬಿಡುತ್ತಿದ್ದ.

ಆಗ ನನ್ನ ಹಿಂದಿನಿಂದ ವಾಸನೆ ಬಂತು. ಒದ್ದೆ ನಾಯಿ ಕೊಳೆತ ಮಾಂಸದ ಮೇಲೆ ಮಲಗಿ ಎದ್ದಂಥ ವಾಸನೆ. ಬೆಳಗಿನ ಗಾಳಿ ಒಂದು ಕ್ಷಣ ಸುತ್ತಿ ನನ್ನ ಕಡೆಗೇ ತಿರುಗಿತ್ತು. ನಾನು ತಲೆ ತಿರುಗಿಸಿದೆ. ಅಷ್ಟೇ ಮಾಡಿದ್ದು, ತಲೆ ತಿರುಗಿಸಿದ್ದು. ಹಿಂದೆ ಎಳೆ ಪೈನ್ ಗಿಡಗಳ ಸಾಲು ಬಿಟ್ಟರೆ ಏನೂ ಕಾಣಲಿಲ್ಲ. ಮುಂದೆ ತಿರುಗುವಷ್ಟರಲ್ಲಿ ಎಲ್ಕ್ ನನ್ನನ್ನು ನೋಡಿ, ಬಂದ ದಾರಿಯಲ್ಲೇ ಕಲ್ಲು ಉರುಳಿಸಿಕೊಂಡು ಹೋಗಿತ್ತು. ಪೆಟಿಬೋನ್ ಟೋಪಿ ತೆಗೆದು ನೆಲಕ್ಕೆ ಬಡಿದ. "ಎರಡು ವಾರ ಅಂಗಡಿ ಮುಚ್ಚಿ ಬಂದಿದ್ದೀನಮ್ಮಾ ನಾನು! ನಿನ್ನ ಕುತ್ತಿಗೆ ತಿರುಗೋದು ನೋಡೋಕಲ್ಲ!"

ಆಮೇಲೆ ಗಸ್‌ನನ್ನು ಕರೆದುಕೊಂಡು ಹಿಂದಕ್ಕೆ ಹೋಗಿ ನೋಡಿದೆ. ಎಳೆ ಪೈನುಗಳ ಮರೆಯಲ್ಲಿ ಹುಲ್ಲು ಚಪ್ಪಟೆಯಾಗಿತ್ತು. ಕೆಸರಲ್ಲಿ ಗ್ರಿಜ್ಲಿ ಕರಡಿಯ ಹೆಜ್ಜೆ, ನನ್ನ ಟೋಪಿಗಿಂತ ದೊಡ್ಡದು, ಉಗುರಿನ ಗೆರೆಗಳು ಬೆರಳುಗಳಿಂದ ಎಷ್ಟೋ ಮುಂದೆ. ಅಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹೊಸ ಹೆಜ್ಜೆಯ ಕೆಳಗೆ ಒಣಗಿದ ಹೆಜ್ಜೆಗಳಿದ್ದವು ಅಮ್ಮಾ. ಅದರ ಕೆಳಗೆ ಇನ್ನೂ ಹಳೆಯವು. ಅದು ಇವತ್ತು ಬಂದದ್ದಲ್ಲ. ನಾನು ಕೂಗಿದ ಎಲ್ಲ ಬೆಳಗ್ಗೆಯೂ ಬಂದು, ನನ್ನ ಬೆನ್ನು ನೋಡುತ್ತಾ ಕೂತು ಹೋಗಿದೆ.

ಗಸ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ಮುದಿ ಗಂಡು. ನಾವು ಹೊಡ್ದ ಪ್ರಾಣಿ ಕರುಳಿಗೆ ಬರುತ್ತೆ ಅಷ್ಟೇ. ಮನುಷ್ಯರ ವಾಸ್ನೆ ಅಂದ್ರೆ ಅದಕ್ಕೆ ಊಟದ ಗಂಟೆ. ಹೊಡೆಯೋ ಹಂಗಿಲ್ಲ, ಹೊಡೆದ್ರೆ ಜೈಲು. ನಿನ್ನ ಹತ್ರ ಅದಕ್ಕೇನು ಕೆಲಸ?" ನನ್ನ ಹಿಂದೆ ಒಬ್ಬರನ್ನು ಕೂರಿಸು ಎಂದೆ. "ಬೆನ್ನು ಕಾಯೋಕೆ ಯಾರಾದ್ರೂ ಸಂಬಳ ಕೊಡ್ತಾರೇನೇ? ಇರೋದೇ ನಾಲ್ಕು ಜನ. ನಿಮ್ಮಪ್ಪ ಇಷ್ಟು ವರ್ಷ ಒಬ್ನೇ ಕೂತ್ಕೋತಿದ್ದ. ಒಂದು ನಾಯಿನೂ ಮುಟ್ಟಲಿಲ್ಲ. ಕಾಡು ಅವನಿಗೆ ಒಲಿದಿತ್ತು." ಪೆಟಿಬೋನ್ ಹೋಗುವುದರೊಳಗೆ ಅವನಿಗೊಂದು ಎಲ್ಕ್ ಸಿಗದಿದ್ದರೆ ಕೊಳವೆ ಡ್ವೈಟ್ ಕೈಗೆ ಎಂದೂ ಹೇಳಿದ.

ನನಗೆ ಈಗ ಕೂಗುವುದಕ್ಕೇ ಆಗುತ್ತಿಲ್ಲ. ಕೊಳವೆ ಊದುವಾಗ ದನಿಗಾಗಿ ನಾಲಿಗೆಯ ಮೇಲಿಡುವ ರಬ್ಬರ್ ಬಿಲ್ಲೆಗೆ ಎಂಜಲು ಬೇಕು. ಹೆದರಿದಾಗ ಎಂಜಲೇ ಇರುವುದಿಲ್ಲ. ಬಿಲ್ಲೆ ಅಂಗುಳಕ್ಕೆ ಅಂಟಿಕೊಂಡು ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ಹೊಳೆಗೆ ನೀರಿಗೆ ಹೋದಾಗಲೂ ಹಿಮ್ಮುಖವಾಗಿ ನಡೆಯುತ್ತೇನೆ. ಡ್ವೈಟ್ ನೋಡಿ, "ಏನೇ, ಹೊಸ ಡ್ಯಾನ್ಸಾ?" ಎಂದ. ನಾನು ಬಕೆಟ್ ಎತ್ತಿಕೊಂಡು ಹಿಮ್ಮುಖವಾಗಿಯೇ ನಡೆದೆ.

ಅಮ್ಮಾ, ನನಗೆ ಬಹಳ ಹೆದರಿಕೆಯಾಗಿದೆ. ಅಪ್ಪ ಹೇಗೆ ಕೂರುತ್ತಿದ್ದ?

ಕೊರಿನ್


ಮಿಟೀಟ್ಸಿ
ಸೆಪ್ಟೆಂಬರ್ 14

ಕೊರಿನ್,

ಅಪ್ಪ ಒಬ್ಬನೇ ಕೂರುತ್ತಿರಲಿಲ್ಲ.

ನಾನು ಕೂರುತ್ತಿದ್ದೆ ಅವನ ಹಿಂದೆ. ಬೆನ್ನಿಗೆ ಬೆನ್ನು ಕೊಟ್ಟು, ಅವನ ಮುಖ ಎಲ್ಕಿನ ಕಡೆ, ನನ್ನ ಮುಖ ಹಿಂದಕ್ಕೆ. ಇಬ್ಬರೂ ಸೇರಿದರೆ ನೆರಳಲ್ಲಿ ಒಂದು ಮೊಂಡು ಬುಡದ ಹಾಗೆ ಕಾಣುತ್ತಿದ್ದೆವು. ಬೆಳಗಿನ ತಿಂಡಿ ಮುಗಿಸಿ, ಗಂಟೆಗಟ್ಟಲೆ ಬೇಯುವ ಒಣ ಬೀನ್ಸನ್ನು ಒಲೆಗೇರಿಸಿ ಹೋಗುತ್ತಿದ್ದೆ, ಅದು ಬೇಯುವಷ್ಟರಲ್ಲಿ ಬರುತ್ತಿದ್ದೆ. ಹಣ್ಣು ಕೀಳುವುದಕ್ಕೆ ಹೋಗಿದ್ದಾಳೆ ಎಂದು ಗಂಡಸರು ತಿಳಿದಿದ್ದರು. ಸೆಪ್ಟೆಂಬರಿನ ಆ ಎತ್ತರದಲ್ಲಿ ಯಾವ ಹಣ್ಣು ಎಂದು ಯಾರೂ ಯೋಚಿಸಲಿಲ್ಲ. ಗಸ್‌ಗೂ ಗೊತ್ತಿಲ್ಲ. ಕೂಗುವವನ ಬೆನ್ನಿಗೆ ಹೆಂಡತಿ ಬೇಕು ಎಂದರೆ ಆರ್ಲೋನನ್ನು ಆಡಿಕೊಳ್ಳುತ್ತಿದ್ದರು, ಅದಕ್ಕೆ ನಾವೂ ಹೇಳಲಿಲ್ಲ.

ಮಾತಾಡುವಂತಿಲ್ಲವಲ್ಲ, ಬೆನ್ನಿನಲ್ಲೇ ಮಾತು. ಒಂದು ಸಲ ಒತ್ತಿದರೆ, 'ಏನೂ ಇಲ್ಲ, ಕೂಗುತ್ತಿರು.' ಎರಡು ಸಲ ಒತ್ತಿದರೆ, 'ನಿಲ್ಲಿಸು, ಅಲುಗಾಡದೆ ಕೂತಿರು.' ಇದಕ್ಕಿಂತ ಹೆಚ್ಚು ನಮಗೆ ಬೇಕಾಗಲಿಲ್ಲ.

ಬರುವ ಬುಧವಾರ ಮೆರಿಟ್ ಜೊತೆ ನಾನು ಬರುತ್ತೇನೆ. ಈ ಬುಧವಾರವೇ ಹೊರಡುತ್ತಿದ್ದೆ. ಮೊಣಕಾಲಿನಿಂದ ನೀರು ತೆಗೆದು ನಾಲ್ಕು ದಿನವಾಯಿತು, ಕತ್ತೆ ಹತ್ತುವುದಕ್ಕೆ ಡಾಕ್ಟರು ಬಿಡುತ್ತಿಲ್ಲ. ಹೋಟೆಲಿನವರಿಗೆ ನಮ್ಮ ಅಕ್ಕನಿಗೆ ಹುಷಾರಿಲ್ಲ ಎಂದಿದ್ದೇನೆ. ಆಕೆ ತೀರಿಕೊಂಡು ಎಷ್ಟು ಕಾಲವಾಯಿತು ಎಂಬುದು ಅವರಿಗೆ ಗೊತ್ತಿಲ್ಲ.

ಅಲ್ಲಿಯವರೆಗೆ ಕೂಗಬೇಡ. ಹೊಟ್ಟೆನೋವು ಎಂದು ಮಲಗು. ಕೂಗಲೇಬೇಕಾದರೆ ಜಾಗ ಬದಲಿಸು, ಮತ್ತೆ ಬದಲಿಸು. ಅದು ಎದುರಿಗೆ ಬಂದರೆ ಓಡಬೇಡ. ಕಣ್ಣಿಗೆ ಕಣ್ಣು ಕೊಡಬೇಡ, ಅದರ ಭುಜ ನೋಡು. ಮುಂದಕ್ಕೂ ಹೋಗಬೇಡ, ಹಿಂದಕ್ಕೂ ಹೋಗಬೇಡ. ಎದ್ದು ನಿಂತು, ನಾನು ಮನುಷ್ಯಳು, ಇಲ್ಲೇ ಇರುತ್ತೇನೆ ಎಂದು ಮೈಯಿಂದ ಹೇಳು.

ಈ ಕಾಗದ ಬರೆದು ಮುಗಿಸುವಷ್ಟರಲ್ಲಿ ಮೂರು ಸಲ ಎದ್ದು ಬಾಗಿಲು ಹಾಕಿದೆಯೋ ಎಂದು ನೋಡಿ ಬಂದೆ. ಕರಡಿ ಇರುವುದು ನಿನ್ನ ಹತ್ತಿರ.

ಅಮ್ಮ


ವಿಲೋ ಹೊಳೆ ಕ್ಯಾಂಪ್
ಸೆಪ್ಟೆಂಬರ್ 18

ಅಮ್ಮಾ,

ಬರಬೇಡ. ಈ ಕಾಲಿನಲ್ಲಿ ನೀನು ಕತ್ತೆ ಹತ್ತುವುದು ಬೇಡ. ಎರಡು ದಿನ ಹೊಟ್ಟೆನೋವು ಎಂದೆ. ಡ್ವೈಟ್ ಕೂಗಿದ, ಒಂದೂ ಬರಲಿಲ್ಲ. ಮೂರನೆಯ ದಿನ ಗಸ್ ಡೇರೆಯ ಬಾಗಿಲಲ್ಲಿ ನಿಂತು, "ಹೊಟ್ಟೆನೋವಾ, ಹೆದರಿಕೆನಾ?" ಎಂದು ಕೇಳಿದ. ಪೆಟಿಬೋನ್ ಪಕ್ಕದಲ್ಲೇ ಇದ್ದ. ಕೊಳವೆ ತೆಗೆದುಕೊಂಡೆ. ಎದ್ದು ಹೋದೆ.

ಜಾಗ ಬದಲಿಸಿದೆ. ಹಳ್ಳದ ಈ ಕಡೆ, ಬಿದ್ದ ಮರವೊಂದಕ್ಕೆ ಬೆನ್ನು ಕೊಟ್ಟು ಕೂತೆ. ಹಿಂದೆ ಒಂದು ಕಡ್ಡಿ ಮುರಿದ ಸದ್ದಾಯಿತು. ಈ ಸಲ ತಿರುಗಲಿಲ್ಲ. ಹಲ್ಲು ಕಚ್ಚಿ ಕೂತೇ ಇದ್ದೆ. ಗಂಡು ಹಳ್ಳದ ಆಚೆಯೇ ನಿಂತು ಕೂಗಿ ಕೂಗಿ, ಗಾಳಿ ತಿರುಗಿದ ಮೇಲೆ ಹೋಯಿತು. ಪೆಟಿಬೋನ್, "ಇವತ್ತು ನಿನ್ನ ತಪ್ಪಿಲ್ಲ ಬಿಡಮ್ಮಾ" ಎಂದು ಮೆಲ್ಲಗೆ ಹೇಳಿದ.

ಎದ್ದು ನೋಡಿದೆ. ಹೆಜ್ಜೆಗಳು ಬಿದ್ದ ಮರದವರೆಗೂ ಬಂದಿದ್ದವು. ನನ್ನ ಬೆನ್ನಿಗೂ ಅದಕ್ಕೂ ನಡುವೆ ಇದ್ದದ್ದು ಆ ಮರ ಒಂದೇ. ತೊಗಟೆಯ ಮೇಲೆ ಅದರ ಜೊಲ್ಲು ಇನ್ನೂ ಹಸಿಯಾಗಿತ್ತು. ಅದು ಅಲ್ಲಿ ಎಷ್ಟು ಹೊತ್ತು ನಿಂತಿತ್ತೋ, ನನ್ನ ತಲೆಯ ಮೇಲೆ ಉಸಿರು ಬಿಟ್ಟಿತ್ತೋ ಏನೋ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಏನು ಹೋಗುತ್ತದೆ ಎಂದು ಗೊತ್ತು. ಅಪ್ಪನ ಕೊಳವೆಯನ್ನು ಡ್ವೈಟ್ ಬಾಯಲ್ಲಿ ನೋಡಲಾರೆ.

ನೀನು ಬರಬೇಡ ಎಂದು ಬರೆಯುವುದಕ್ಕೆ ಕೂತಿದ್ದು. ಅದನ್ನು ಮೇಲೆ ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ.

ಅಮ್ಮಾ, ಬಾ.

ಕೊರಿನ್


ವಿಲೋ ಹೊಳೆ ಕ್ಯಾಂಪ್
ಅಕ್ಟೋಬರ್ 8

ಅಮ್ಮಾ,

ನೀನು ಇಳಿದುಹೋಗಿ ಎರಡು ವಾರವಾಗುತ್ತಾ ಬಂತು. ಆ ಬೆಳಗಿನ ಬಗ್ಗೆ ಒಂದು ಮಾತೂ ಆಡದೆ ಹೋದೆ. ಕತ್ತೆ ಹತ್ತುವಾಗಲೂ, "ಹಿಟ್ಟಿನ ಡಬ್ಬದ ಮುಚ್ಚಳ ಸರಿಯಾಗಿ ಹಾಕ್ರೋ, ಇಲಿ ಬಿದ್ದಾವು" ಎಂದಷ್ಟೇ. ನಾನು ಕೇಳಬೇಕು ಎಂದುಕೊಂಡಾಗೆಲ್ಲ ನೀನು ಪಾತ್ರೆ ತಿಕ್ಕುತ್ತಿದ್ದೆ. ಅದಕ್ಕೇ ನನ್ನ ಕಡೆಯದ್ದನ್ನು ನಾನು ಬರೆಯುತ್ತೇನೆ. ನಿನ್ನ ಕಡೆಯದ್ದನ್ನು ನೀನು ಬರೆ.

ಎಳೆ ಪೈನುಗಳ ನೆರಳಲ್ಲಿ ಕೂತೆವಲ್ಲ, ಎರಡು ದಪ್ಪ ಕೋಟುಗಳ ಮೂಲಕವೂ ನಿನ್ನ ಬೆನ್ನಿನ ಬಿಸಿ ತಿಳಿಯುತ್ತಿತ್ತು. ಆವತ್ತು ಮೊದಲ ಸಲ ನನ್ನ ಬಾಯಲ್ಲಿ ಎಂಜಲಿತ್ತು. ಪೆಟಿಬೋನ್ ಬಹಳ ಮುಂದೆ, ಬಿದ್ದ ಮರದ ಪಕ್ಕದಲ್ಲಿ ಮಂಡಿಯೂರಿದ್ದ. ಕರೆದೆ. ಮೇಲಿನಿಂದ ಉತ್ತರ ಬಂತು. ಕೊಂಬಿನಿಂದ ಮರ ಉಜ್ಜಿಕೊಂಡು ಸಿಟ್ಟು ತೋರಿಸುತ್ತಾ ಇಳಿದು ಬಂದು, ಪೆಟಿಬೋನಿಗೆ ಇನ್ನೂ ಎಟುಕದಷ್ಟು ದೂರದಲ್ಲೇ ನಿಂತುಬಿಟ್ಟಿತು. ಕಲ್ಲಾಗಿ ನಿಂತು ನನ್ನ ಕಡೆಗೇ ನೋಡುತ್ತಿತ್ತು, ಎಲ್ಲಿ ಆ ಹೆಣ್ಣು, ತೋರಿಸು ಎನ್ನುವ ಹಾಗೆ.

ನೀನು ಒಂದು ಸಲ ಒತ್ತಿದೆ. ಒಳ್ಳೆಯದು, ಏನೂ ಇಲ್ಲ ಎಂದುಕೊಂಡೆ. ಕೊಳವೆಯನ್ನು ಪಕ್ಕಕ್ಕೆ ಹಿಡಿದು, ಹೊರಟುಹೋಗುವ ದನಿ ಕೂಗಿದೆ. ಕಡ್ಡಿ ಮುರಿದೆ. ಎಲ್ಕ್ ಒಂದು ಹೆಜ್ಜೆ ಇಟ್ಟಿತು. ಆಗ ಆ ವಾಸನೆ ಬಂತು. ನಿನ್ನ ಬೆನ್ನು ಹಲಗೆಯಂತಾಯಿತು. ಮತ್ತೊಂದು ಸಲ ಒತ್ತಿದೆ. ಒಂದೇ ಸಲ. 'ಕೂಗುತ್ತಿರು.' ಮರುಕ್ಷಣ ನಿನ್ನ ಬೆನ್ನು ನನ್ನ ಬೆನ್ನನ್ನು ಬಿಟ್ಟು ಎದ್ದುಹೋಯಿತು.

ಅಮ್ಮಾ, ನಿನ್ನ ಬೆನ್ನು ಇದ್ದ ಜಾಗಕ್ಕೆ ಗಾಳಿ ಹೊಕ್ಕಿತು. ಬೆವರು ಅಲ್ಲೇ ಹೆಪ್ಪುಗಟ್ಟಿತು. ಕೋಟಿನ ಸರಬರ ಕೇಳಿಸಿತು. ಅದರಾಚೆ ದಪ್ಪನೆಯ ಒಂದು ಉಸಿರು, ಹಲ್ಲಿಗೆ ಹಲ್ಲು ಕುಟ್ಟಿದ ಸದ್ದು. ತಿರುಗಬೇಕು ಎಂದು ಕುತ್ತಿಗೆಯ ನರವೆಲ್ಲ ಎಳೆಯುತ್ತಿತ್ತು. ಅಮ್ಮ ಕೂಗು ಎಂದಿದ್ದಾಳೆ, ಕೂಗಬೇಕು. ನಾಲಿಗೆ ಮರದ ಚಕ್ಕೆಯಾಗಿತ್ತು. ಕೆನ್ನೆಯ ಒಳಭಾಗ ಕಚ್ಚಿದೆ, ರಕ್ತ ಬಂತು, ಅದೇ ಎಂಜಲಾಯಿತು. ಕೂಗಿದೆ. ದನಿ ನಡುವೆ ಒಡೆದುಹೋಯಿತು. ನಾನು ಕಲಿತ ಕೂಗಲ್ಲ ಅದು. ಆ ಒಡಕು ದನಿಯನ್ನೇ ಎಲ್ಕ್ ನಂಬಿತು. ನೇರವಾಗಿ ಪೆಟಿಬೋನಿನ ಮುಂದೆ ನಡೆದು ಬಂತು. ಬಾಣ ತಾಗಿದ ಸದ್ದು, ಓಡಿದ ಸದ್ದು, ಕೆಳಗೆ ಬಿದ್ದ ಸದ್ದು.

ನಾನು ಇನ್ನೂ ಕೂತೇ ಇದ್ದೆ. ನನ್ನ ಹಿಂದೆ ಇರುವುದು ನೀನೋ ಅದೋ ಗೊತ್ತಿರಲಿಲ್ಲ. ಕೊನೆಗೆ ಒಂದು ಬೆನ್ನು ಬಂದು ನನ್ನ ಬೆನ್ನಿಗೆ ಒರಗಿತು. ಒಂದು ಗಳಿಗೆ ಅದು ಯಾರದೆಂದೂ ತಿಳಿಯಲಿಲ್ಲ ನನಗೆ. ಗಡಗಡ ನಡುಗುತ್ತಿತ್ತು. ಆ ನಡುಕ ನನ್ನದೇ ಎಂದುಕೊಂಡೆ.

ನೀನು ಎದ್ದು, "ನಡಿ ನಡಿ, ಸೂಪು ತಳ ಹಿಡಿಯುತ್ತೆ" ಎಂದು ಕ್ಯಾಂಪಿನ ಕಡೆ ಕುಂಟುತ್ತಾ ಓಡಿದೆ. ಮಾಂಸ ತರಲು ಹೋಗುವವರು ಒಟ್ಟಿಗೇ ಹೋಗಿ, ಪಾತ್ರೆ ಬಡಿಯುತ್ತಾ ಹೋಗಿ ಎಂದು ಗಸ್‌ಗೆ ಹೇಳಿದೆ. ನಕ್ಕರು, ಆದರೂ ಬಡಿದರು. ಆವತ್ತು ಊಟದಲ್ಲಿ ಎಲ್ಲರೂ ನನ್ನನ್ನು ಹೊಗಳುವವರೇ. ಪೆಟಿಬೋನ್ ಎರಡು ಸಲ ಅತ್ತ. "ಕಾಡು ಈ ಮನೆತನಕ್ಕೇ ಒಲಿದಿದೆ ಕಣ್ರೋ" ಎಂದು ಗಸ್ ಲೋಟ ಎತ್ತಿದ. ನೀನು ಅವನ ತಟ್ಟೆಗೆ ಬೀನ್ಸ್ ಬಡಿಸುತ್ತಿದ್ದೆ. ನಾನು ಬಾಯಿ ತೆರೆದೆ, ನೀನು ಕಣ್ಣಲ್ಲೇ ಗದರಿದೆ.

ಈಗ ಆ ಕಣ್ಣು ಇಲ್ಲಿಲ್ಲ, ಅದಕ್ಕೆ ನಿನ್ನೆ ಎಲ್ಲವನ್ನೂ ಹೇಳಿಬಿಟ್ಟೆ. ಗಸ್ ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದ. ಆಮೇಲೆ, "ಹಣ್ಣು ಕೀಳೋಕೆ ಹೋಗ್ತಿದ್ಲು ಅಂದ್ಕೊಂಡಿದ್ನಲ್ಲೇ" ಎಂದ. ಕೆಲಸ ನನ್ನದೇ ಅಂತೆ. ಮುಂದಿನ ವರ್ಷದಿಂದ ಬೆನ್ನಿಗೂ ಒಬ್ಬರು, ಅವರಿಗೂ ಸಂಬಳ. "ಡ್ವೈಟ್, ನೀನೇ ಕೂತ್ಕೋ" ಎಂದ. ಡ್ವೈಟ್ ಮುಖ ಬಿಳುಚಿತು. "ನಾನಾ? ಹಿಂದಕ್ಕೆ ನೋಡ್ಕೊಂಡಾ?"

ನಿನಗೆ ಎಂಥ ಧೈರ್ಯ ಅಮ್ಮಾ. ಕರಡಿ ಅಷ್ಟು ಹತ್ತಿರ ಇದ್ದಾಗಲೂ ಕೂಗುತ್ತಿರು ಎಂದು ಹೇಗೆ ಒತ್ತಿದೆ? ನೀನು ಏನು ನೋಡಿದೆ?

ಕೊರಿನ್


ಮಿಟೀಟ್ಸಿ
ಅಕ್ಟೋಬರ್ 18

ಕೊರಿನ್,

ನಿನ್ನ ಕಾಗದವನ್ನು ಹೋಟೆಲಿನ ಉಗ್ರಾಣದಲ್ಲಿ ಓದಿದೆ. ಕೊನೆಯ ಸಾಲಿಗೆ ಬಂದಾಗ ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟೆ. ಉತ್ತರ ಬರೆಯುವುದಕ್ಕೆ ಇಷ್ಟು ದಿನ ಹಿಡಿಯಿತು.

ಅದು ಸುಟ್ಟ ಮೋಟುಮರದ ಹಿಂದಿನಿಂದ ಬಂತು. ಅವಸರವಿಲ್ಲ, ತನ್ನ ಮನೆಗೆ ಬರುವ ಹಾಗೆ. ಮೂತಿಯೆಲ್ಲ ನರೆತಿತ್ತು. ಬಂದು ನಾಯಿಯಂತೆ ಕೂತು, ತಲೆ ಓರೆ ಮಾಡಿ ನಿನ್ನ ಕೂಗು ಕೇಳಿತು. ಕೂತಿರುವವರೆಗೂ ಪರವಾಗಿಲ್ಲ ಎಂದು ಮೊದಲ ಸಲ ಒತ್ತಿದೆ. ಆಮೇಲೆ ನೀನು ಹೊರಟುಹೋಗುವ ದನಿ ಕೂಗಿದೆ. ಅದನ್ನು ನಂಬಿದ್ದು ಎಲ್ಕ್ ಒಂದೇ ಅಲ್ಲ. ಕರಡಿಯೂ ಎದ್ದಿತು.

ನಾನು ಎರಡು ಸಲ ಒತ್ತಬೇಕೆಂದಿದ್ದೆ, ಮಗಳೇ. ಒಂದು ಸಲ ಒತ್ತುವಷ್ಟರಲ್ಲಿ ಅದು ನಡೆದು ಬರತೊಡಗಿತು. ಎರಡನೆಯದಕ್ಕೆ ಸಮಯ ಸಿಗಲಿಲ್ಲ, ಎದ್ದೆ. ನೀನು ಧೈರ್ಯ ಎಂದು ಬರೆದದ್ದು ಇದನ್ನೇ.

ಎದ್ದಾಗ ಮೊಣಕಾಲು ಒಣ ಕಡ್ಡಿಯಂತೆ ಲಟ್ಟೆಂದಿತು. ಕೋಟಿನ ಎರಡೂ ಬದಿ ಹಿಡಿದು ಅಗಲಿಸಿದೆ. ಅದರ ಭುಜ ನೋಡುತ್ತಾ ನಿಂತೆ. ನಿನ್ನ ಮೈ ಮುಂದಿನದಕ್ಕೆ 'ನಾನು ಹೋಗುತ್ತಿದ್ದೇನೆ' ಎನ್ನುತ್ತಿತ್ತು, ನನ್ನ ಮೈ ಹಿಂದಿನದಕ್ಕೆ 'ನಾನು ಹೋಗುವುದಿಲ್ಲ' ಎನ್ನಬೇಕಿತ್ತು. ಅದು ನಿಂತು ಹಲ್ಲು ಕುಟ್ಟಿತು. ಇಬ್ಬರ ನಡುವೆ ನಮ್ಮ ಅಡುಗೆಮನೆಯಷ್ಟು ಜಾಗವಿತ್ತು. ಹೇಳಿಯೇ ಬಿಡುತ್ತೇನೆ, ಪ್ಯಾಂಟು ಒದ್ದೆಯಾಯಿತು. ಕ್ಯಾಂಪಿಗೆ ಓಡಿದ್ದು ಅದಕ್ಕೆ. ಸೂಪಿಗೆ ಆವತ್ತು ಬೇಕಾದಷ್ಟು ನೀರಿತ್ತು. ಆ ಕಡೆ ಎಲ್ಕ್ ಬಿದ್ದ ಸದ್ದಿಗೆ ಅದು ಕಿವಿ ನಿಮಿರಿಸಿತು. ನನ್ನನ್ನು ಇನ್ನೊಮ್ಮೆ ನೋಡಿ, ಬಂದಷ್ಟೇ ನಿಧಾನವಾಗಿ ಸುತ್ತು ಹೊಡೆದು ಹೋಯಿತು. ಆ ನಡುಕ ನಿನ್ನದಲ್ಲ.

ಆರ್ಲೋ ಕೂಗುತ್ತಿದ್ದಾಗಲೂ ಬಂದಿವೆ. ಎಷ್ಟು ಸಲ ಎಂದು ಲೆಕ್ಕ ಇಟ್ಟಿಲ್ಲ. ನಾನು ಎದ್ದು ನಿಲ್ಲುತ್ತಿದ್ದೆ, ಅವು ಹೋಗುತ್ತಿದ್ದವು, ನಾನು ಮತ್ತೆ ಕೂರುತ್ತಿದ್ದೆ. ಮಂಡಿ ಹಿಡಿದಿರಬೇಕು ಎಂದುಕೊಳ್ಳುತ್ತಿದ್ದ ಅವನು. ಕೂಗಿ ಮುಗಿದ ಮೇಲೆ ಮೈ ಮುರಿದು, "ಎಷ್ಟು ಶಾಂತವಾಗಿತ್ತಲ್ವಾ ಇವತ್ತು?" ಎನ್ನುತ್ತಿದ್ದ. "ಹೂಂ" ಎನ್ನುತ್ತಿದ್ದೆ. ಗೊತ್ತಾಗಿದ್ದರೆ ಅವನ ದನಿ ನಡುಗುತ್ತಿತ್ತು. ನಡುಗುವ ದನಿಗೆ ಎಲ್ಕ್ ಬರುವುದಿಲ್ಲ ಎಂದು ನಾನು ನಂಬಿದ್ದೆ. ನಿನ್ನ ಒಡಕು ದನಿಗೆ ಬಂತಲ್ಲ. ಹಾಗಾದರೆ ಅವನಿಗೆ ಹೇಳಬಹುದಿತ್ತೋ ಏನೋ. ಈಗ ಯಾರಿಗೆ ಹೇಳಲಿ?

ಕಾಡು ಅವನಿಗೆ ಒಲಿದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಅವನೂ ನಂಬಿದ್ದ. ಆ ನಂಬಿಕೆಯಲ್ಲೇ, ಹಾಸಿಗೆಯಲ್ಲಿ ಮಲಗಿ, ಕೆಮ್ಮಿ ಕೆಮ್ಮಿ ಹೋದ. ನೀನು ಏನು ನೋಡಿದೆ ಓಪಲ್ ಎಂದು ಒಂದು ದಿನವೂ ಕೇಳಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ. ಕೇಳಬೇಕು ಎಂದು ತೋಚಲಿಲ್ಲ, ಅಷ್ಟೇ. ಡ್ವೈಟ್ ಹೆದರಿದ್ದು ಒಳ್ಳೆಯದಾಯಿತು. ಹೆದರದವನನ್ನು ಬೆನ್ನಿಗೆ ಕೂರಿಸಿಕೊಳ್ಳಬೇಡ. ಪ್ರತಿ ಸಲ ಎದ್ದ ಮೇಲೆ ಅವನನ್ನು ಕೇಳು. ಅವನು ಏನೂ ಇರಲಿಲ್ಲ ಎಂದರೆ ಮತ್ತೊಮ್ಮೆ ಕೇಳು.

ನೀನು ಕೇಳಿದ್ದರಿಂದ ನನಗೊಂದು ಫಜೀತಿ ಆಗಿದೆ. ಅಷ್ಟು ವರ್ಷ ಎದ್ದು ನಿಲ್ಲುವುದು, ಕೂರುವುದು, ಬಂದು ಬೀನ್ಸಿನ ಮುಚ್ಚಳ ತೆಗೆಯುವುದು, ಇದರಲ್ಲೇ ಹೋಯಿತು. ಹೆದರುವುದಕ್ಕೆ ಬಿಡುವಿರಲಿಲ್ಲ. ಈಗ ಒಂದೊಂದೂ ನೆನಪಾಗುತ್ತಿದೆ. ಮರಿಗಳ ಜೊತೆ ಬಂದ ಆ ತಾಯಿ ಕರಡಿ, ಮಂಜಿನ ದಿನ ಉಸಿರು ಮಾತ್ರ ಕೇಳಿಸಿದ ಒಂದು. ಎಲ್ಲಾ ಭಯವೂ ಸಾಲಾಗಿ ಬಂದು ಬಾಗಿಲಲ್ಲಿ ನಿಂತಿದೆ. ಹೋಟೆಲಿನಲ್ಲಿ ಹಿಂಬಾಗಿಲಿಗೆ ಬೆನ್ನು ಹಾಕಿ ಹಿಟ್ಟು ಕಲಸಲು ನನ್ನಿಂದ ಆಗುತ್ತಿಲ್ಲ. "ಯಾರಿಗೆ ಕಾಯ್ತಿದ್ದೀಯ ಓಪಲ್?" ಎಂದು ಮಾಲೀಕ ಕೇಳುತ್ತಾನೆ. ಮನೆಯಲ್ಲೂ ಹಾಗೇ. ಒಲೆ ಒಂದು ಕಡೆ, ಬಾಗಿಲು ಇನ್ನೊಂದು ಕಡೆ. ಎರಡು ಸಲ ರೊಟ್ಟಿ ಸೀದುಹೋಯಿತು.

ನವೆಂಬರಿನ ಹಬ್ಬಕ್ಕೆ ನೀನು ಬರುತ್ತೀಯಲ್ಲ. ಕುಂಬಳಕಾಯಿ ಪೈ ಮಾಡುತ್ತೇನೆ. ಬೇರೆ ಏನೂ ಕೆಲಸ ಮಾಡಬೇಡ. ಅಡುಗೆಮನೆಯಲ್ಲಿ ನನ್ನ ಬೆನ್ನಿಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ಕೂತುಕೋ, ಸಾಕು. ಈ ಸಲ ಬಾಗಿಲ ಕಡೆ ನೀನು ನೋಡು. ನಾನು ಒಲೆಯ ಕಡೆ ತಿರುಗಿ ಹಿಟ್ಟು ಕಲಸುತ್ತೇನೆ.

ನಿನ್ನ ಅಮ್ಮ,
ಓಪಲ್